ರುರುವಿನ ಅರ್ಧಾಯುಷ್ಯ

ತಿರುವನಂತಪುರದ ಉಳ್ಳೂರು ಎಂದೊಡನೆ ಮಲಯಾಳ ಸಾಹಿತ್ಯವನ್ನು ಬಲ್ಲವರಿಗೆ ಮಹಾಕವಿ ಉಳ್ಳೂರ್ ಪರಮೇಶ್ವರ ಅಯ್ಯರ್ ಅವರ ಹೆಸರು ನೆನಪಿಗೆ ಬರುವುದು ಸಹಜವಾದರೂ, ರೋಗಾರ್ತರಾಗಿ ಕೇರಳದ ಮೂಲೆಮೂಲೆಗಳಿಂದ ಬಂದಿಳಿಯುವ ಜನಕ್ಕೆ ಅದು 1951ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಕಾಲೇಜಿನ ಊರು, ಶ್ರೀ ಚಿತ್ರ ತಿರುನಾಳ್ ಸಂಸ್ಥೆಯ ಊರು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಊರು. ಹಾಗೆ ಬರುವವರಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಇಡೀ ರಾಜ್ಯವನ್ನು ದಾಟಿ ಬರುವ ಕಾಸರಗೋಡಿನ ಕನ್ನಡಿಗರೂ ಇರುವರು. ಅಂಥವರಲ್ಲಿ ಒಬ್ಬರು, ಗಡಿನಾಡಿನ ಶಾಲೆಯೊಂದರಲ್ಲಿ ಬಹುಕಾಲ ಕನ್ನಡವನ್ನು ಬೋಧಿಸಿದ ಅಧ್ಯಾಪಿಕೆ, ತಮ್ಮ ನಾದಿನಿಯ ಶುಶ್ರೂಷೆಗಾಗಿ ಬಂದಿದ್ದರು. ಇನ್ನೊಬ್ಬರು ಮೂತ್ರಪಿಂಡದ ರೋಗಗಳ ಚಿಕಿತ್ಸೆಯಲ್ಲಿಯೇ ತಲೆ ನರೆಸಿಕೊಂಡ ಕನ್ನಡಿಗ ವೈದ್ಯರು. ಅವರಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ಕೇಳುವ ಅವಕಾಶ ನನಗೆ ದೊರೆಯಿತಾಗಿ, ಅದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಅಧ್ಯಾಪಿಕೆ: ಡಯಾಲಿಸಿಸ್ ಕೇಂದ್ರದ ಬಾಗಿಲಲ್ಲಿ ಕುಳಿತು ಕುಳಿತು ನನ್ನ ಮನಸ್ಸಿನಲ್ಲಿ ಒಂದು ಸಂದೇಹ ಬೇರೂರಿದೆ. ಒಳಗೆ ಮಂಚಗಳ ಮೇಲೆ ಮಲಗಿರುವವರಲ್ಲಿ ಹೆಚ್ಚಿನವರು ಗಂಡಸರು. ಹೊರಗೆ ಬುತ್ತಿಯ ಪಾತ್ರೆಯನ್ನೂ ಆಸ್ಪತ್ರೆಯ ಕಡತವನ್ನೂ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುವವರಲ್ಲಿ ಹೆಚ್ಚಿನವರು ಹೆಂಗಸರು. 2011ರ ಜನಗಣತಿಯಂತೆ ಸಾವಿರ ಗಂಡಸರಿಗೆ 1084 ಹೆಂಗಸರಿರುವ, ಹೆಣ್ಣುಮಕ್ಕಳ ವಿದ್ಯೆಗೂ ಆಯುಸ್ಸಿಗೂ ದೇಶದಲ್ಲೆಲ್ಲ ಹೆಸರಾದ ಈ ನಾಡಿನಲ್ಲಿಯೇ ಹೀಗಿರುವುದೆಂದರೆ ಏನು? ಈ ರೋಗ ನಮಗೆ ಬರುವುದು ಕಡಮೆಯೋ, ಬಂದವರು ಇಲ್ಲಿಯವರೆಗೆ ತಲಪುವುದಿಲ್ಲವೋ?

ವೈದ್ಯ: ನಿಮ್ಮ ಎರಡು ಊಹೆಗಳಲ್ಲಿ ಮೊದಲನೆಯದು ಸರಿಯಲ್ಲ, ಎರಡನೆಯದು ಅರ್ಧ ಸರಿ. ಲೋಕದ ಲೆಕ್ಕವನ್ನು ನೋಡಿದರೆ ದೀರ್ಘಕಾಲದ ಮೂತ್ರಪಿಂಡ ರೋಗವಿರುವವರಲ್ಲಿ ಹೆಂಗಸರ ಸಂಖ್ಯೆಯೇ ಹೆಚ್ಚು. 2018ರ ಮಾರ್ಚ್ 8ರಂದು ವಿಶ್ವ ಮೂತ್ರಪಿಂಡ ದಿನವೂ ಅಂತರರಾಷ್ಟ್ರೀಯ ಮಹಿಳಾ ದಿನವೂ ಒಂದೇ ದಿನ ಬಂದುವು. ಆಗ ವೈದ್ಯಸಮುದಾಯ ಸಾರಿ ಹೇಳಿದ ಲೆಕ್ಕದಂತೆ ಸುಮಾರು 19.5 ಕೋಟಿ ಹೆಂಗಸರು ಈ ರೋಗದಿಂದ ಪೀಡಿತರು. ಲೂಪಸ್‌ನಂತಹ ಕೆಲವು ವ್ಯಾಧಿಗಳಂತೂ ಬಹುಪಾಲು ಸ್ತ್ರೀಯರಿಗೇ ಬಂದು ಅವರ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಗರ್ಭಿಣಿಯರ ರಕ್ತದೊತ್ತಡವೂ ಮುಂದಿನ ಆಪತ್ತಿಗೆ ಬೀಜವಾಗಬಲ್ಲದು. ಆದರೂ ಡಯಾಲಿಸಿಸ್ಸಿನ ಮಂಚದ ಮೇಲೆ ಗಂಡಸರೇ ಹೆಚ್ಚು. ಇದಕ್ಕೆ ಸ್ವಭಾವತಃ ಒಂದು ಕಾರಣವುಂಟು: ರೋಗ ಮುಂದುವರಿದ ಮೇಲೆ ಗಂಡಸರ ಮೂತ್ರಪಿಂಡಗಳು ಬೇಗ ಕ್ಷಯಿಸುತ್ತವೆ. ಯುರೋಪಿನ ಆರು ದೇಶಗಳಲ್ಲಿ, 65 ವರ್ಷ ದಾಟಿದ, ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಳೆಯುವ ಜಿಎಫ್‌ಆರ್ ಎಂಬ ಅಂಕೆ 20ಕ್ಕಿಂತ ಕೆಳಗಿಳಿದಿದ್ದ ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದವರೂ ಇದನ್ನೇ ಕಂಡರು: ಹೆಂಗಸರಲ್ಲಿ ಇಳಿತ ನಿಧಾನ, ಗಂಡಸರಲ್ಲಿ ವೇಗ.

ಅಧ್ಯಾಪಿಕೆ: ಹಾಗಾದರೆ ಪ್ರಕೃತಿ ನಮ್ಮ ಪಕ್ಷದಲ್ಲಿದೆ ಎಂದಾಯಿತು.

ವೈದ್ಯ: ಆ ಬಾಗಿಲಿನವರೆಗೆ ಇದೆ. ಅದನ್ನು ದಾಟಿದ ಮೇಲೆ ಆಗುವುದನ್ನು ಕೇಳಿ. ಸಾಮಾನ್ಯ ಜನರಲ್ಲಿ ಯಾವ ವಯಸ್ಸನ್ನು ತೆಗೆದುಕೊಂಡರೂ ಹೆಂಗಸರು ಗಂಡಸರಿಗಿಂತ ಕಡಮೆ ಸಾಯುತ್ತಾರೆ. ಇದು ಬಹುಮಟ್ಟಿಗೆ ಎಲ್ಲ ದೇಶಗಳಲ್ಲಿಯೂ ಕಾಣುವ ಸಂಗತಿ. ಹನ್ನೆರಡು ದೇಶಗಳ ಡಯಾಲಿಸಿಸ್ ರೋಗಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡುಬಂದುದೇನೆಂದರೆ, ಆ ಮಂಚವನ್ನು ಏರಿದೊಡನೆ ಸ್ತ್ರೀಯರ ಈ ಮೇಲುಗೈ ಬಹಳಮಟ್ಟಿಗೆ ಕರಗಿಹೋಗುತ್ತದೆ, ಗಂಡು ಹೆಣ್ಣುಗಳ ಮರಣಪ್ರಮಾಣಗಳು ಹೆಚ್ಚುಕಡಮೆ ಒಂದಾಗುತ್ತವೆ. ಅಂದರೆ, ಜನ್ಮದಿಂದ ಪಡೆದು ಬಂದ ಆಯುಸ್ಸಿನ ಹೆಚ್ಚಳವನ್ನು ಹೆಂಗಸು ಅಲ್ಲಿ ಕಳೆದುಕೊಳ್ಳುತ್ತಾಳೆ. 1945ರಲ್ಲಿ ಹಾಲೆಂಡಿನ ಕಾಂಪೆನ್ ಎಂಬ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯನು ತಾನೇ ನಿರ್ಮಿಸಿದ ಯಂತ್ರದಿಂದ ಮೊತ್ತಮೊದಲು ಉಳಿಸಿಕೊಂಡ ಜೀವ 67 ವರ್ಷದ ಒಬ್ಬ ಹೆಂಗಸಿನದು. ಯಂತ್ರಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. ಭೇದ ಇರುವುದು ಯಂತ್ರದ ಬಳಿಗೆ ನಾವು ಯಾವಾಗ, ಹೇಗೆ ಕರೆತರುತ್ತೇವೆ ಎಂಬುದರಲ್ಲಿ.

ಅಧ್ಯಾಪಿಕೆ: ಯಾವಾಗ ಎಂದಿರಿ. ನನ್ನ ಕೈಯಲ್ಲಿ ಎರಡು ಚೀಟಿಗಳಿವೆ, ನೋಡಿ. ನಮ್ಮ ಊರಿನ ದಂಪತಿಗಳವು. ಇಬ್ಬರಿಗೂ ಅರುವತ್ತು ವರ್ಷ. ಗಂಡನ ಕ್ರಿಯಾಟಿನಿನ್ 1.4, ಹೆಂಡತಿಯದೂ 1.4. ಇಬ್ಬರಿಗೂ ಸ್ವಲ್ಪ ಜಾಸ್ತಿಯಿದೆ, ಭಯಪಡಬೇಕಾದ್ದಿಲ್ಲ ಎಂದು ಯಾರೋ ಹೇಳಿ ಕಳುಹಿಸಿದರಂತೆ. ಗಂಡನು ಮತ್ತೆ ತೋರಿಸಿಕೊಂಡನು, ಹೆಂಡತಿ ತೋರಿಸಿಕೊಳ್ಳಲಿಲ್ಲ.

ವೈದ್ಯ: ಈ ಚೀಟಿಗಳಲ್ಲಿಯೇ ನಾನು ಹೇಳಬೇಕಾದುದರ ಕಾಲುಭಾಗವಿದೆ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳು ದಿನವೂ ಹೊರಹಾಕುವ ಕಸ. ಸ್ನಾಯು ಹೆಚ್ಚಿದ್ದರೆ ಕಸವೂ ಹೆಚ್ಚು. ಗಂಡಸಿನ ಮೈಯಲ್ಲಿ ಸ್ನಾಯು ಹೆಚ್ಚಾದುದರಿಂದ, ಅವನ ರಕ್ತದಲ್ಲಿ 1.4 ಕಂಡುಬಂದರೆ ಅದರಲ್ಲಿ ಒಂದಂಶ ಸ್ನಾಯುವಿನ ಪಾಲು. ಹೆಂಗಸಿನ ರಕ್ತದಲ್ಲಿ ಅಷ್ಟೇ ಕಂಡುಬಂದರೆ ಕಸವನ್ನು ಹೊರಹಾಕುವ ಮೂತ್ರಪಿಂಡವೇ ಸೋತಿದೆಯೆಂದು ತಿಳಿಯಬೇಕು. ಈಗ ಬಳಕೆಯಲ್ಲಿರುವ 2021ರ ಸೂತ್ರಕ್ಕೆ ಈ ಎರಡು ಚೀಟಿಗಳನ್ನೂ ಹಾಕಿ ನೋಡೋಣ. ಗಂಡನಿಗೆ ಸಿಗುವ ಜಿಎಫ್‌ಆರ್ ಸುಮಾರು 58. ಹೆಂಡತಿಗೆ ಸುಮಾರು 43. ಒಂದೇ ಅಂಕೆ, ಒಂದೇ ವಯಸ್ಸು. ಆದರೆ ಹೆಂಡತಿ ರೋಗದ ಮೆಟ್ಟಿಲುಗಳಲ್ಲಿ ಗಂಡನಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದಾಗಿದೆ. ಜಿಎಫ್‌ಆರ್ ಅಂಕೆಯನ್ನು ಬರೆಯದೆ ಬರಿಯ ಕ್ರಿಯಾಟಿನಿನ್ ಬರೆದು ಕೊಡುವ ಪ್ರಯೋಗಶಾಲೆಗಳು ನಮ್ಮ ದೇಶದಲ್ಲಿ ಇನ್ನೂ ಎಷ್ಟೋ ಇವೆ. ಬಡಕಲು ದೇಹದ ಮುದುಕಿಯೊಬ್ಬಳ ವಿಷಯದಲ್ಲಿ ಇಂಥ ಚೀಟಿ ಹೇಳುವ ಸಮಾಧಾನ ಬಹಳ ಅಪಾಯಕರವಾದುದು.

ಅಧ್ಯಾಪಿಕೆ: ಅಂತೂ ಮೊದಲನೆಯ ಮೋಸ ಕಾಗದದ ಮೇಲೆಯೇ ಆಗುತ್ತದೆ.

ವೈದ್ಯ: ಮೋಸವೆನ್ನಲಾರೆ, ಅಜಾಗರೂಕತೆಯೆನ್ನುತ್ತೇನೆ. ಅದರ ಫಲ ಮಾತ್ರ ಮೋಸಕ್ಕಿಂತ ಕಡಮೆಯಲ್ಲ. ತಡವಾಗಿ ತಿಳಿದವಳು ತಜ್ಞರ ಬಳಿಗೆ ತಡವಾಗಿ ಬರುತ್ತಾಳೆ. ತಡವಾಗಿ ಬಂದವಳಿಗೆ ಫಿಸ್ಟುಲಾ ಮಾಡಿಸಲು ಸಮಯವಿರುವುದಿಲ್ಲ. ಫಿಸ್ಟುಲಾ ಎಂದರೆ ತೋಳಿನ ಅಪಧಮನಿಯೊಂದನ್ನು ಸಿರೆಗೆ ಸೇರಿಸಿ ಹೊಲಿಯುವುದು. ಆ ಸಿರೆ ಉಬ್ಬಿ ಗಟ್ಟಿಯಾಗುವುದಕ್ಕೆ ಆರೆಂಟು ವಾರಗಳಾದರೂ ಬೇಕು. ಒಳ್ಳೆಯ ಫಿಸ್ಟುಲಾ ಇರುವ ಕೈಯ ಮೇಲೆ ಬೆರಳಿಟ್ಟರೆ, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟುವಂತೆ ರಕ್ತ ಗುರುಗುಟ್ಟುವುದು ತಿಳಿಯುತ್ತದೆ. ಅದೇ ರೋಗಿಯ ಜೀವನಾಡಿ. ಅದಕ್ಕೆ ಸಮಯವಿಲ್ಲದವಳಿಗೆ ಕೊರಳಿನಲ್ಲಿ ನಳಿಕೆಯನ್ನು ಇಳಿಸುವುದೊಂದೇ ದಾರಿ. ಆ ನಳಿಕೆಯ ಮೂಲಕ ಸೋಂಕು ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಹೆಂಗಸರ ರಕ್ತನಾಳಗಳು ಸಣ್ಣವಾದುದರಿಂದ ಫಿಸ್ಟುಲಾ ಕೈಗೂಡದಿರುವುದೂ ಉಂಟು. ಆದುದರಿಂದಲೇ ಅವರಿಗೆ ಇನ್ನೂ ಮುಂಚಿತವಾಗಿ ಅದನ್ನು ಮಾಡಿಸಬೇಕು. ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಲೋಕದಾದ್ಯಂತ ಕೊರಳಿನ ನಳಿಕೆಯಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಅಧ್ಯಾಪಿಕೆ: ನನ್ನ ನಾದಿನಿಯ ಕೊರಳಲ್ಲಿಯೂ ಅದೇ ಇದೆ. ಮಂಚದ ಮೇಲೆ ಕಳೆಯುವ ಹೊತ್ತಾದರೂ ಎಲ್ಲರಿಗೂ ಸಮವಲ್ಲವೇ?

ವೈದ್ಯ: ಅದೂ ವಿಚಾರ ಮಾಡತಕ್ಕ ವಿಷಯವೇ. ಎಷ್ಟು ಡಯಾಲಿಸಿಸ್ ಸಾಕೆಂಬುದನ್ನು ದೇಹದ ನೀರಿನ ಪ್ರಮಾಣಕ್ಕೆ ಹೋಲಿಸಿ ಅಳೆಯುವ ಪದ್ಧತಿಯಿದೆ. ಹೆಂಗಸಿನ ಮೈಯಲ್ಲಿ ನೀರು ಕಡಮೆ; ಆದುದರಿಂದ ಆಕೆಯ ವಿಷಯದಲ್ಲಿ ಕಾಗದದ ಮೇಲಿನ ಗುರಿ ಬೇಗ ಮುಟ್ಟುತ್ತದೆ, ಹೊತ್ತು ಮುಗಿಯಿತೆಂದು ಎಬ್ಬಿಸಿಬಿಡುವುದು ಸುಲಭ. ಆದರೆ ಯಕೃತ್ತು ಮೊದಲಾದ ಒಳಾಂಗಗಳು ಹೊರಡಿಸುವ ವಿಷಗಳು ನೀರಿನ ಪ್ರಮಾಣವನ್ನು ಅನುಸರಿಸಿ ಕಡಮೆಯಾಗುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಹೀಮೋ ಎಂಬ ದೊಡ್ಡ ಪ್ರಯೋಗದಲ್ಲಿ ಡಯಾಲಿಸಿಸ್ಸಿನ ಪ್ರಮಾಣವನ್ನು ಹೆಚ್ಚಿಸಿದರೂ ಒಟ್ಟಾರೆ ಪ್ರಯೋಜನವೇನೂ ಕಾಣಲಿಲ್ಲ. ಹೆಂಗಸರನ್ನು ಪ್ರತ್ಯೇಕಿಸಿ ಎಣಿಸಿದಾಗ ಮಾತ್ರ, ಹೆಚ್ಚು ಪಡೆದವರಲ್ಲಿ ಸಾವು ಕಡಮೆಯಾಗಿತ್ತು. ಸರಾಸರಿಯೆಂಬುದು ಎಷ್ಟನ್ನು ಮುಚ್ಚಿಡಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಅಧ್ಯಾಪಿಕೆ: ಇವೆಲ್ಲ ವೈದ್ಯಶಾಸ್ತ್ರದ ಒಳಗಿನ ಮಾತುಗಳಾದುವು. ಮನೆಯೊಳಗಿನ ಮಾತನ್ನು ನಾನು ಹೇಳುತ್ತೇನೆ. ನಮ್ಮ ಕಡೆ, ಗಂಡನಿಗೆ ಕಿಡ್ನಿ ಫೇಲಾಯಿತೆಂದರೆ ಆ ದಿನವೇ ಮನೆ ಎದ್ದು ನಿಲ್ಲುತ್ತದೆ. ಹೊಲ ಅಡವಿಡುತ್ತಾರೆ, ಕೊರಳಿನ ಒಡವೆ ಮಾರುತ್ತಾರೆ, ಮಂಗಳೂರಿಗೆ ಓಡುತ್ತಾರೆ. ಹೆಂಡತಿಗೆ ಆಯಿತೆಂದರೆ ಮೊದಲ ಮಾತು ಅವಳ ಬಾಯಿಂದಲೇ ಬರುತ್ತದೆ: ನನಗಾಗಿ ಇಷ್ಟು ಖರ್ಚು ಬೇಡ, ಮಕ್ಕಳ ಓದು ಮುಗಿಯಲಿ, ಮಗಳ ಮದುವೆ ಆಗಲಿ. ಅದನ್ನು ಕೇಳಿ ಮನೆಯವರು ಸಮ್ಮತಿಸುತ್ತಾರೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಅವಳನ್ನು ಕರೆದುಕೊಂಡು ಹೋಗಿ ಕರೆತರುವವರು ಯಾರು? ಕೊರೋನಾ ಹಬ್ಬಿದ 2020ರ ಮಾರ್ಚಿನಲ್ಲಿ ಕರ್ನಾಟಕವು ಗಡಿಯನ್ನು ಮುಚ್ಚಿ, ತಲಪಾಡಿಯಿಂದ ರೋಗಿಗಳನ್ನು ಹಿಂದಕ್ಕೆ ಕಳುಹಿಸಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಾವೆಲ್ಲ ದಿಕ್ಕುಗೆಟ್ಟೆವು. ಒಂದು ಬಾಗಿಲು ಮುಚ್ಚಿತೆಂದರೆ ಬೇರೆ ದಾರಿಯಿಲ್ಲವೆಂಬುದು ಏನೆಂದು ಆಗ ಗಂಡಸರಿಗೂ ತಿಳಿಯಿತು. ಹೆಂಗಸರಿಗೆ ಅದು ವರ್ಷವಿಡೀ ಇರುವ ಸ್ಥಿತಿ.

ವೈದ್ಯ: ಬೇಡವೆಂದು ಅವಳು ಹೇಳುವ ಆ ಮಾತನ್ನು ನಾವು ವೈದ್ಯರು ರೋಗಿಯ ಇಚ್ಛೆಯೆಂದು ಬರೆದುಕೊಳ್ಳುತ್ತೇವೆ. ಡಯಾಲಿಸಿಸ್ ಬೇಡ, ಔಷಧವಷ್ಟೇ ಸಾಕೆಂಬ ದಾರಿಯನ್ನು ಹಿಡಿಯುವವರಲ್ಲಿ ಹೆಂಗಸರು ಹೆಚ್ಚೆಂಬುದು ಬೇರೆ ದೇಶಗಳಲ್ಲಿಯೂ ಕಂಡುಬಂದಿದೆ. ವಯಸ್ಸಾದವರ ವಿಷಯದಲ್ಲಿ ಅದು ವಿವೇಕದ ನಿರ್ಧಾರವೂ ಆಗಿರಬಹುದು. ಎಲ್ಲವನ್ನೂ ಅನ್ಯಾಯದ ಲೆಕ್ಕಕ್ಕೆ ಬರೆಯುವುದು ತಪ್ಪು. ಆದರೆ ಅವಳನ್ನು ಒಬ್ಬಳೇ ಕೂರಿಸಿ, ಮನೆಯವರಾರೂ ಎದುರಿಗಿಲ್ಲದೆ ಕೇಳಿದ ಮೇಲೆ ಬಂದ ಉತ್ತರ ಮಾತ್ರ ಇಚ್ಛೆಯೆನಿಸಿಕೊಳ್ಳುತ್ತದೆ.

ಅಧ್ಯಾಪಿಕೆ: ಇನ್ನು ಕಸಿಯ ಮಾತು. ಅಲ್ಲಿ ಲೆಕ್ಕ ಹೇಗಿದೆ?

ವೈದ್ಯ: ನೋಟೋ ಎಂಬ ರಾಷ್ಟ್ರೀಯ ಸಂಸ್ಥೆ ಕೊಟ್ಟ ಅಂಕೆಗಳನ್ನೇ ಹೇಳುತ್ತೇನೆ. 1995ರಿಂದ 2021ರವರೆಗೆ ಭಾರತದಲ್ಲಿ ಎಣಿಕೆಗೆ ಸಿಕ್ಕ ಅಂಗಾಂಗ ಕಸಿಗಳು 36,640; ಪಡೆದವರಲ್ಲಿ ಹೆಂಗಸರು 6,945. ಐವರಲ್ಲಿ ಒಬ್ಬಳೂ ಅಲ್ಲ. ಮುಂದೆ 2019ರಿಂದ 2023ರವರೆಗಿನ ಲೆಕ್ಕದಲ್ಲಿ, ಬದುಕಿರುವವರು ಕೊಟ್ಟ ದಾನಗಳು 56,509. ಅವುಗಳಲ್ಲಿ 36,038 ಹೆಂಗಸರವು. ಪಡೆದವರಲ್ಲಿ ನೂರಕ್ಕೆ ಸುಮಾರು 70 ಮಂದಿ ಗಂಡಸರು. ಈ ದಾನಗಳಲ್ಲಿ ಬಹುಪಾಲು ಮೂತ್ರಪಿಂಡಗಳೇ.

ಅಧ್ಯಾಪಿಕೆ: ಗಂಡಸರ ಮೂತ್ರಪಿಂಡಗಳು ಬೇಗ ಸೋಲುತ್ತವೆಂದು ನೀವೇ ಹೇಳಿದಿರಿ. ಹಾಗಿದ್ದ ಮೇಲೆ ಪಡೆಯುವವರಲ್ಲಿ ಅವರು ಹೆಚ್ಚಾಗಿರುವುದು ನ್ಯಾಯವೇ ಅಲ್ಲವೇ? ನಾನು ಅವರ ಪರವಾಗಿಯೂ ವಾದಿಸಬೇಕಷ್ಟೆ.

ವೈದ್ಯ: ಒಳ್ಳೆಯ ಆಕ್ಷೇಪ. ಆ ಹನ್ನೆರಡು ದೇಶಗಳಲ್ಲಿ ಡಯಾಲಿಸಿಸ್ಸಿನಲ್ಲಿರುವವರ ಪೈಕಿ ಗಂಡಸರು ನೂರಕ್ಕೆ ಸುಮಾರು 60. ಕಸಿಯಲ್ಲಿಯೂ ಅದೇ ಪ್ರಮಾಣವಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನು. 60ಕ್ಕೂ 70ಕ್ಕೂ, 60ಕ್ಕೂ 80ಕ್ಕೂ ನಡುವೆ ಇರುವ ಅಂತರವನ್ನು ಯಾವ ಹಾರ್ಮೋನೂ ವಿವರಿಸಲಾರದು. ಇನ್ನು ಕೊಡುವ ಕಡೆಗೆ ಬಂದರೆ ಶರೀರಶಾಸ್ತ್ರದ ನೆಪವೂ ಉಳಿಯುವುದಿಲ್ಲ. ಗಂಡಸಿನ ಮೂತ್ರಪಿಂಡ ಗಾತ್ರದಲ್ಲಿ ದೊಡ್ಡದು, ಕೊಡುವುದಕ್ಕೆ ಕೆಟ್ಟದೇನೂ ಅಲ್ಲ.

ಅಧ್ಯಾಪಿಕೆ: ನನ್ನ ನಾದಿನಿಯ ಗಂಡನು ಕೊಡಲು ಒಪ್ಪಿದ್ದನು. ಪರೀಕ್ಷೆಯಾದ ಮೇಲೆ ಮ್ಯಾಚ್ ಆಗಲಿಲ್ಲವೆಂದರು. ಅವಳ ಹಣೆಬರಹ ಎಂದು ಮನೆಯವರೆಲ್ಲ ಸುಮ್ಮನಾದರು.

ವೈದ್ಯ: ಆಕೆಗೆ ಮಕ್ಕಳಿರಬೇಕಲ್ಲವೇ?

ಅಧ್ಯಾಪಿಕೆ: ಮೂವರು.

ವೈದ್ಯ: ಹಾಗಾದರೆ ಕೇಳಿ. ಇದು ಹಣೆಬರಹವಲ್ಲ, ತಾಯ್ತನದ ಋಣ. ಗರ್ಭದಲ್ಲಿರುವ ಮಗುವಿನ ಅರ್ಧಭಾಗ ತಂದೆಯದು. ಒಂಬತ್ತು ತಿಂಗಳು ಅದನ್ನು ಹೊತ್ತ ತಾಯಿಯ ರಕ್ತವು ಆ ತಂದೆಯ ಗುರುತುಗಳನ್ನು ಪರಕೀಯವೆಂದು ಕಲಿತುಕೊಂಡು, ಅವುಗಳ ವಿರುದ್ಧ ಪ್ರತಿಕಾಯಗಳನ್ನು ನಿರ್ಮಿಸಿಟ್ಟುಕೊಳ್ಳುವುದುಂಟು. ಬಸಿರು ಹೆಚ್ಚಾದಷ್ಟೂ ಅದರ ಸಂಭವ ಹೆಚ್ಚು. ಮುಂದೆ ಎಂದಾದರೂ ಅದೇ ಗಂಡನ ಮೂತ್ರಪಿಂಡವನ್ನು ಅವಳಿಗೆ ಇಡಹೋದರೆ, ಆ ಪ್ರತಿಕಾಯಗಳು ಒಮ್ಮೆಲೆ ಎದ್ದು ಅದನ್ನು ಕೊಲ್ಲುತ್ತವೆ. ಹೆಂಡತಿಯು ಗಂಡನಿಗೆ ಕೊಡುವಾಗ ಈ ಅಡ್ಡಿಯಿಲ್ಲ, ಏಕೆಂದರೆ ಅವನು ಬಸಿರನ್ನು ಹೊತ್ತವನಲ್ಲ. ಅವನ ಮಕ್ಕಳನ್ನು ಹೆತ್ತುದರಿಂದಲೇ ಅವನ ದಾನಕ್ಕೆ ಅವಳು ಅನರ್ಹಳಾಗುತ್ತಾಳೆ. ಇಷ್ಟು ಕ್ರೂರವಾದ ಸಂಗತಿಯನ್ನು ನನ್ನ ವೃತ್ತಿಯಲ್ಲಿ ನಾನು ಬೇರೆ ಕಂಡಿಲ್ಲ.

ಅಧ್ಯಾಪಿಕೆ: ಇದನ್ನು ನಮಗೆ ಯಾರೂ ಹೇಳಲಿಲ್ಲ. ಮುಂದೆ ದಾರಿಯೇ ಇಲ್ಲವೇ?

ವೈದ್ಯ: ಇದೆ, ಅದಕ್ಕಾಗಿಯೇ ಹೇಳುತ್ತಿದ್ದೇನೆ. 1994ರ ಅಂಗಾಂಗ ಕಸಿ ಕಾಯಿದೆಗೆ 2011ರಲ್ಲಿ ಬಂದ ತಿದ್ದುಪಡಿಯು ಅದಲುಬದಲು ದಾನಕ್ಕೆ ಅವಕಾಶ ಕೊಟ್ಟಿತು. ನಿಮ್ಮ ಮನೆಯ ಗಂಡನದು ಬೇರೆ ಮನೆಯ ರೋಗಿಗೆ ಒಗ್ಗಿ, ಆ ಮನೆಯವರದು ನಿಮ್ಮ ನಾದಿನಿಗೆ ಒಗ್ಗುವುದಾದರೆ ಎರಡು ಜೀವಗಳು ಉಳಿಯುತ್ತವೆ. ಎರಡನೆಯ ದಾರಿ, ಮೃತಸಂಜೀವನಿ. ಮಿದುಳು ಸತ್ತವರ ಅಂಗಗಳನ್ನು ಅವರ ಬಂಧುಗಳ ಸಮ್ಮತಿಯಿಂದ ಪಡೆದು ಹಂಚುವ ಈ ಯೋಜನೆಯನ್ನು ಕೇರಳ ಸರಕಾರ 2012ರಲ್ಲಿ ಆರಂಭಿಸಿತು. ಅದರ ಕಚೇರಿ ಈ ತಿರುವನಂತಪುರದಲ್ಲಿಯೇ ಇದೆ. ಕರ್ನಾಟಕದಲ್ಲಿ ಈ ಕೆಲಸ ಜೀವಸಾರ್ಥಕತೆಯೆಂಬ ಹೆಸರಿನಲ್ಲಿ ನಡೆಯುತ್ತದೆ. ಪ್ರತಿಕಾಯಗಳಿಂದ ಕಷ್ಟಕ್ಕೀಡಾದವರಿಗೂ, ಹಿಂದೆ ತಾವೇ ದಾನ ಮಾಡಿ ಈಗ ರೋಗಿಗಳಾದವರಿಗೂ ಹೆಚ್ಚಿನ ಅಂಕ ಕೊಡುವ ನಿಯಮ ರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. 2025ರ ಆಗಸ್ಟಿನಲ್ಲಿ ನೋಟೋ ಸಂಸ್ಥೆ ಕಾಯುವ ಪಟ್ಟಿಯಲ್ಲಿರುವ ಹೆಂಗಸರಿಗೆ ಪ್ರಾಶಸ್ತ್ಯ ಕೊಡಬೇಕೆಂದು ರಾಜ್ಯಗಳಿಗೆ ಸಲಹೆಯನ್ನೂ ಇತ್ತಿತು. ಒಳ್ಳೆಯದೇ; ಆದರೆ ಆ ಪ್ರಾಶಸ್ತ್ಯವೆಲ್ಲ ಪಟ್ಟಿಯಲ್ಲಿ ಹೆಸರಿರುವವಳಿಗೆ. ಹೆಸರನ್ನು ಬರೆಸದವಳಿಗೆ ಯಾವ ಸಲಹೆಯೂ ನೆರವಾಗದು.

ಅಧ್ಯಾಪಿಕೆ: ಕೊಟ್ಟ ಹೆಂಗಸನ್ನು ನಮ್ಮ ಜನ ಸಾವಿತ್ರಿಯೆಂದು ಕೊಂಡಾಡುತ್ತಾರೆ. ಯಮನ ಬೆನ್ನು ಹತ್ತಿ ಗಂಡನ ಪ್ರಾಣವನ್ನು ಬಿಡಿಸಿ ತಂದವಳಲ್ಲವೇ! ಆದರೆ ಅದೇ ಮಹಾಭಾರತದ ಆದಿಪರ್ವದಲ್ಲಿ ರುರುವೆಂಬ ಋಷಿಕುಮಾರನ ಕಥೆಯೊಂದಿದೆ. ಮದುವೆಗೆ ಮುನ್ನವೇ ಹಾವು ಕಚ್ಚಿ ಸತ್ತ ಪ್ರಮದ್ವರೆಗಾಗಿ ಅವನು ಕಾಡಿನಲ್ಲಿ ಗೋಳಿಟ್ಟಾಗ ದೇವದೂತನು ಬಂದು, ನಿನ್ನ ಆಯುಸ್ಸಿನಲ್ಲಿ ಅರ್ಧವನ್ನು ಕೊಟ್ಟರೆ ಅವಳು ಏಳುವಳೆಂದನು. ರುರು ಒಂದು ಕ್ಷಣವೂ ಯೋಚಿಸದೆ ಕೊಟ್ಟನು. ಅವಳು ನಿದ್ದೆಯಿಂದೆದ್ದವಳಂತೆ ಎದ್ದಳು. ಸಾವಿತ್ರಿಗೆ ವ್ರತವುಂಟು, ಯಕ್ಷಗಾನ ಪ್ರಸಂಗವುಂಟು. ರುರುವಿನ ಹೆಸರನ್ನು ನನ್ನ ತರಗತಿಯಲ್ಲಿ ಕೇಳಿದರೆ ಹೇಳುವ ಮಕ್ಕಳು ಇರುತ್ತಿರಲಿಲ್ಲ. ಹೆಣ್ಣು ಕೊಟ್ಟುದನ್ನು ಧರ್ಮವೆಂದು ಹಾಡಿದೆವು. ಗಂಡು ಕೊಟ್ಟುದನ್ನು ಮರೆತೆವು.

ವೈದ್ಯ: ಮರೆತವರೆಲ್ಲರೂ ಅಲ್ಲ. 2009ರಲ್ಲಿ ತ್ರಿಶೂರಿನ ಕಡೆಯ ಪಾದ್ರಿ ಡೇವಿಸ್ ಚಿರಮೇಲ್ ಅವರು ತಮಗೆ ಬಂಧುವಲ್ಲದ, ಬೇರೆ ಮತದ ಒಬ್ಬ ಬಡವನಿಗೆ ತಮ್ಮ ಮೂತ್ರಪಿಂಡವನ್ನು ಕೊಟ್ಟರು. 2011ರಲ್ಲಿ ಕೊಚ್ಚಿಯ ಉದ್ಯಮಿ, ವಿ-ಗಾರ್ಡ್ ಸಂಸ್ಥಾಪಕ ಕೊಚ್ಚೌಸೇಪ್ ಚಿಟ್ಟಿಲಪ್ಪಿಳ್ಳಿ ಅವರು ಒಬ್ಬ ಲಾರಿ ಚಾಲಕನಿಗೆ ಕೊಟ್ಟರು. ಗಂಡಸರಿಗೆ ಕೊಡುವ ಧೈರ್ಯವಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯೊಳಗೆ ಅವರನ್ನು ಕೇಳುವವರು ಇಲ್ಲ, ಅಷ್ಟೆ. ದುಡಿಯುವವನು ಅವನು, ಅವನಿಗೆ ಏನಾದರೂ ಆದರೆ ಎಂಬ ಭಯ ಎಲ್ಲರ ಬಾಯನ್ನೂ ಕಟ್ಟುತ್ತದೆ. ಸರಿಯಾಗಿ ಪರೀಕ್ಷಿಸಿ ಆರಿಸಿದ ದಾನಿ ಕೆಲವು ವಾರಗಳಲ್ಲಿ ಕೆಲಸಕ್ಕೆ ಮರಳಬಲ್ಲನೆಂಬುದನ್ನು ಆ ಮನೆಗೆ ಹೇಳುವುದು ನಮ್ಮ ಕರ್ತವ್ಯ. ಇನ್ನೊಂದು ಕರ್ತವ್ಯವೂ ಇದೆ. ಇನ್ನೂ ಮಕ್ಕಳಾಗಬೇಕಾದ ಹೆಣ್ಣುಮಗಳು ಅಣ್ಣನಿಗೋ ಗಂಡನಿಗೋ ಕೊಡಲು ಮುಂದೆ ಬಂದಾಗ, ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವಳ ಮುಂದಿಡಬೇಕು: ದಾನ ಕೊಟ್ಟ ಹೆಂಗಸರ ಬಸಿರುಗಳಲ್ಲಿ ನೂರಕ್ಕೆ 11ರಲ್ಲಿ ರಕ್ತದೊತ್ತಡದ ತೊಂದರೆ ಕಂಡಿತು, ಕೊಡದ ಆರೋಗ್ಯವಂತರಲ್ಲಿ 5ರಲ್ಲಿ. ಹೆಚ್ಚಿನವರ ಹೆರಿಗೆ ಸುಖವಾಗಿಯೇ ಆಯಿತು. ಆದರೂ ತಿಳಿದು ಕೊಡುವುದು ಬೇರೆ, ತಿಳಿಯದೆ ಕೊಡುವುದು ಬೇರೆ.

ಅಧ್ಯಾಪಿಕೆ: ಕಸಿ ಮಾಡಿಸಿಕೊಂಡ ಹೆಣ್ಣಿಗೆ ಮುಂದೆ ಮಕ್ಕಳಾಗುವುದೇ ಇಲ್ಲವೆಂದು ನಮ್ಮ ಕಡೆ ಹೇಳುತ್ತಾರೆ. ಇವಳಿಗಿಷ್ಟು ಸುರಿದು ಫಲವೇನು ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ವೈದ್ಯ: ಆ ಮಾತು ಸುಳ್ಳೆಂದು 1958ರಲ್ಲಿಯೇ ಸಿದ್ಧವಾಗಿದೆ. 1956ರಲ್ಲಿ ಬೋಸ್ಟನ್ ನಗರದಲ್ಲಿ ಈಡಿತ್ ಹೆಲ್ಮ್ ಎಂಬ ತರುಣಿಗೆ ಅವಳ ಅವಳಿ ಸಹೋದರಿ ವಾಂಡಾ ಫಾಸ್ಟರ್ ತನ್ನ ಮೂತ್ರಪಿಂಡವನ್ನು ಕೊಟ್ಟಳು. ಎರಡು ವರ್ಷಗಳಲ್ಲಿ ಈಡಿತ್ ಗಂಡುಮಗುವೊಂದನ್ನು ಹೆತ್ತಳು. ಮೂತ್ರಪಿಂಡ ಕಸಿಯ ಅನಂತರ ತಾಯಿಯಾದವರಲ್ಲಿ ಅವಳೇ ಮೊದಲಿಗಳು. ಅದೇ ಮೂತ್ರಪಿಂಡದೊಡನೆ ಅವಳು 2011ರವರೆಗೆ ಬದುಕಿದ್ದಳು. ಕಸಿಯಾಗಿ ಒಂದೆರಡು ವರ್ಷ ಕಳೆದು, ಅಂಗ ಚೆನ್ನಾಗಿ ಕೆಲಸಮಾಡುತ್ತಿದ್ದು, ಗರ್ಭಕ್ಕೆ ಹಾನಿಕರವಾದ ಔಷಧಗಳನ್ನು ಬದಲಿಸಿಕೊಂಡ ಹೆಂಗಸರು ಇಂದು ನಮ್ಮ ದೇಶದಲ್ಲಿಯೂ ತಾಯಂದಿರಾಗುತ್ತಿದ್ದಾರೆ. ಹಾಗೆಂದು, ಮಕ್ಕಳನ್ನು ಹೆರಬಲ್ಲಳೆಂಬುದಕ್ಕಾಗಿ ಅವಳನ್ನು ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಹೆತ್ತು ಮುಗಿಸಿದ ನಿಮ್ಮ ನಾದಿನಿಗೂ ಬದುಕು ಅಷ್ಟೇ ಬೇಕಾಗಿದೆ.

ಅಧ್ಯಾಪಿಕೆ: ನಾನು ಊರಿಗೆ ಹಿಂತಿರುಗಿದ ಮೇಲೆ ನೆರೆಹೊರೆಯವರಿಗೆ ಏನು ಹೇಳಲಿ? ದೊಡ್ಡ ಸಿದ್ಧಾಂತಗಳು ಬೇಡ. ಮನೆಯಲ್ಲಿ ಮಾಡಬಹುದಾದುದನ್ನು ಹೇಳಿ.

ವೈದ್ಯ: ಮಧುಮೇಹವೋ ರಕ್ತದೊತ್ತಡವೋ ಇರುವ, ಇಲ್ಲವೆ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದ ಪ್ರತಿಯೊಬ್ಬ ಹೆಂಗಸಿಗೂ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ನನ್ನೂ ಮೂತ್ರದ ಆಲ್ಬುಮಿನ್ನನ್ನೂ ಪರೀಕ್ಷೆ ಮಾಡಿಸಿರಿ. ಚೀಟಿ ಕೈಗೆ ಬಂದಾಗ ಜಿಎಫ್‌ಆರ್ ಎಷ್ಟೆಂದು ಕೇಳಿರಿ. ಅದು 30ಕ್ಕಿಂತ ಕೆಳಗಿಳಿದಿದ್ದರೆ ಮೂತ್ರಪಿಂಡದ ತಜ್ಞರಲ್ಲಿಗೆ ಕರೆದೊಯ್ಯುವುದನ್ನು ಹಬ್ಬಕ್ಕೂ ಮದುವೆಗೂ ಮುಂದೂಡಬೇಡಿ. ಡಯಾಲಿಸಿಸ್ ಬರುವ ಸೂಚನೆಯಿದ್ದರೆ ಮೊದಲೇ ಫಿಸ್ಟುಲಾ ಮಾಡಿಸಿರಿ, ಎಡಗೈಯ ಸಿರೆಗಳಿಗೆ ಸೂಜಿ ಚುಚ್ಚಗೊಡಬೇಡಿ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಅವಳ ಹೆಸರನ್ನು ಪಟ್ಟಿಯಲ್ಲಿ ಬರೆಸಿರಿ. ಮನೆಯಲ್ಲಿ ದಾನಿಯನ್ನು ಹುಡುಕುವ ದಿನ ತಾಯಿಯನ್ನೂ ಹೆಂಡತಿಯನ್ನೂ ಮಾತ್ರ ಕರೆತರಬೇಡಿ; ಅಣ್ಣತಮ್ಮಂದಿರೂ, ತಂದೆಯೂ, ಗಂಡನೂ, ಬೆಳೆದ ಮಗನೂ ಬಂದು ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳಲಿ.